ಕಿರಮಂಜಿಯ ಊರು

ಕೆಲವು ಊರುಗಳ ಹೆಸರನ್ನು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಊರು ಬಂದು ನಿಲ್ಲುವುದಿಲ್ಲ, ಒಂದು ವಸ್ತು ಬಂದು ನಿಲ್ಲುತ್ತದೆ. ಇಳಕಲ್ಲು ಎಂದರೆ ಸೀರೆ. ಚನ್ನಪಟ್ಟಣ ಎಂದರೆ ಬಣ್ಣದ ಬೊಂಬೆ. ನವಲಗುಂದ ಎಂದರೆ ಜಮಖಾನ. ಬೀದರ ಎಂದರೆ ಕಪ್ಪು ಲೋಹದ ಮೇಲೆ ಹಬ್ಬಿದ ಬೆಳ್ಳಿಯ ಬಳ್ಳಿ. ಆ ಊರುಗಳಲ್ಲಿಯೂ ಶಾಲೆಗಳಿವೆ, ಸಂತೆಗಳಿವೆ, ಮದುವೆ ಮುಂಜಿಗಳಿವೆ, ಜಗಳಗಳೂ ಇವೆ. ಆದರೂ ಲೋಕವು ಅವುಗಳನ್ನು ಗುರುತಿಸುವುದು ಅಲ್ಲಿನ ಕೈಗಳು ಮಾಡಿದ ವಸ್ತುವಿನಿಂದ. ಇದು ಊರಿಗೆ ದೊರೆತ ಗೌರವವೂ ಹೌದು, ಊರಿನ ಮೇಲೆ ಬಿದ್ದ ಹೊರೆಯೂ ಹೌದು. ಆ ಕೈಕೆಲಸ ನಿಂತುಹೋದ ದಿನ ಊರಿನ ಹೆಸರು ಬರಿಯ ಶಬ್ದವಾಗಿ ಉಳಿಯುತ್ತದೆ. ಇಂತಹ ಊರುಗಳು ನಮ್ಮ ನಾಡಿನಲ್ಲಿ ಮಾತ್ರವಲ್ಲ, ಲೋಕದ ಎಲ್ಲ ಭಾಗಗಳಲ್ಲಿಯೂ ಇವೆ. ಅಂತಹ ಒಂದು ಊರನ್ನು ನೋಡುವ ಅವಕಾಶ ನನಗೆ ಒದಗಿದ್ದು ಭೂಗೋಳದ ಆಚೆಯ ಮಗ್ಗುಲಲ್ಲಿರುವ ಮೆಕ್ಸಿಕೋ ದೇಶದಲ್ಲಿ.

ಮೆಕ್ಸಿಕೋದ ದಕ್ಷಿಣ ಭಾಗದಲ್ಲಿ ವಹಾಕ ಎಂಬ ರಾಜ್ಯವಿದೆ. ಅದರ ರಾಜಧಾನಿಗೂ ಅದೇ ಹೆಸರು. ಸುತ್ತಲೂ ಬೆಟ್ಟಗಳು, ನಡುವೆ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದ ಕಣಿವೆ. ರಾಜಧಾನಿಯಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ಸಾಗಿ, ಹೆದ್ದಾರಿಯಿಂದ ಎಡಕ್ಕೆ ತಿರುಗಿದರೆ, ಬೆಟ್ಟದ ಬುಡದಲ್ಲಿ ತೆಯೊತಿತ್ಲಾನ್ ದೆಲ್ ವಾಯೆ ಎಂಬ ಊರು ಸಿಗುತ್ತದೆ. ಐದಾರು ಸಾವಿರ ಜನರ ಊರು. ‘ತೆಯೊತಿತ್ಲಾನ್’ ಎಂದರೆ ಪ್ರಾಚೀನ ಆಜ್ಟೆಕ್ ಜನರ ನಹುವಾತ್ಲ್ ಭಾಷೆಯಲ್ಲಿ ‘ದೇವರ ನೆಲೆ’ ಎಂದರ್ಥ. ಆದರೆ ಈ ಊರಿನವರು ಆಜ್ಟೆಕ್ ಜನರಲ್ಲ. ಅವರಿಗಿಂತ ಬಹು ಹಿಂದೆಯೇ ಈ ಕಣಿವೆಯಲ್ಲಿ ನಗರಗಳನ್ನು ಕಟ್ಟಿದ ಸಪೋಟೆಕ್ ಜನ. ಇಂದಿಗೂ ಮನೆಯಲ್ಲಿ ಅವರಾಡುವುದು ಸಪೋಟೆಕ್ ಭಾಷೆ. ಶಾಲೆ, ಕಚೇರಿಗಳಲ್ಲಿ ಸ್ಪ್ಯಾನಿಷ್. ‘ಸಪೋಟೆಕ್’ ಎಂಬ ಹೆಸರಿನಲ್ಲಿ ನಿಮಗೆ ಪರಿಚಿತವಾದ ಹಣ್ಣೊಂದು ಅಡಗಿರುವುದನ್ನು ಗಮನಿಸಿದಿರಾ? ನಮ್ಮ ತೋಟಗಳ ಸಪೋಟ ಹಣ್ಣು ಆ ನಾಡಿನಿಂದ ಬಂದದ್ದು. ಹಣ್ಣಿನ ಹೆಸರೂ ಜನಾಂಗದ ಹೆಸರೂ ಒಂದೇ ಮೂಲದವು. ತೊಮೇಟೊ, ಚಾಕೊಲೇಟ್ ಎಂಬ ಮಾತುಗಳೂ ನಹುವಾತ್ಲ್ ಭಾಷೆಯಿಂದಲೇ ಲೋಕಕ್ಕೆ ಹರಡಿದವು. ಅಷ್ಟು ದೂರದ ನಾಡು ನಮ್ಮ ಅಡಿಗೆಮನೆಗೆ ಎಷ್ಟು ಹತ್ತಿರ!

ನನ್ನ ಮಗಳು ವ್ಯಾಸಂಗಕ್ಕಾಗಿ ಮೆಕ್ಸಿಕೋ ನಗರದಲ್ಲಿದ್ದಳು. ಮಳೆಗಾಲ ಮುಗಿದು ಬಿಸಿಲು ಹಿತವಾಗಿದ್ದ ನವೆಂಬರ್ ತಿಂಗಳಲ್ಲಿ ಅವಳೊಡನೆ ನಾನು ಈ ಊರಿಗೆ ಹೋದೆ. ಊರಿನ ಬೀದಿಯನ್ನು ಹೊಕ್ಕೊಡನೆ ಎರಡು ಬದಿಗಳಲ್ಲಿಯೂ ಕಂಬಳಿಗಳು, ಗೋಡೆಗೆ ತೂಗುಹಾಕುವ ಚಿತ್ರವಸ್ತ್ರಗಳು, ಚೀಲಗಳು. ಕೆಂಪು, ನೀಲಿ, ಹಳದಿ ಬಣ್ಣಗಳ ಜಾತ್ರೆ. ಬಂದ ಪ್ರವಾಸಿಗಳಲ್ಲಿ ಹೆಚ್ಚಿನವರು ವಾಹನದಿಂದ ಇಳಿದು, ಮೊದಲ ಅಂಗಡಿಯಲ್ಲಿ ಬೆಲೆ ಕೇಳಿ, ಎರಡನೆಯ ಅಂಗಡಿಯಲ್ಲಿ ಚೌಕಾಸಿ ಮಾಡಿ, ಮೂರನೆಯ ಅಂಗಡಿಯಲ್ಲಿ ಕೊಂಡು, ಗಂಟೆಯೊಳಗೆ ಹಿಂದಿರುಗುತ್ತಿದ್ದರು. “ಅಮ್ಮಾ, ಮೊದಲು ಎಲ್ಲಿಗೆ ಹೋಗೋಣ?” ಎಂದು ಮಗಳು ಕೇಳಿದಳು. ಪುಸ್ತಕವನ್ನು ಓದುವುದಕ್ಕೆ ಒಂದು ಕ್ರಮವಿರುವಂತೆ ಕುಶಲಕರ್ಮಿಗಳ ಊರನ್ನು ನೋಡುವುದಕ್ಕೂ ಒಂದು ಕ್ರಮವುಂಟು. ಅಂಗಡಿ ಅದರ ಕೊನೆಯ ಪುಟ. ನಾವು ಮೊದಲ ಪುಟದಿಂದ ಆರಂಭಿಸಿದೆವು.

ಮೊದಲ ಪುಟ ಊರ ನಡುವಣ ಚರ್ಚಿನ ಗೋಡೆ. 16ನೆಯ ಶತಮಾನದಲ್ಲಿ ಸ್ಪೇನಿನವರು ಮೆಕ್ಸಿಕೋವನ್ನು ಗೆದ್ದ ಮೇಲೆ ಅವರೊಡನೆ ಬಂದ ಡೊಮಿನಿಕನ್ ಪಾದ್ರಿಗಳು ಇಲ್ಲಿದ್ದ ಸಪೋಟೆಕ್ ದೇವಾಲಯವನ್ನು ಕೆಡವಿ, ಅದೇ ಸ್ಥಳದಲ್ಲಿ ಅದೇ ಕಲ್ಲುಗಳಿಂದ ಚರ್ಚನ್ನು ಕಟ್ಟಿಸಿದರು. ಸುಣ್ಣ ಬಳಿದ ಗೋಡೆಯ ನಡುವೆ ಅಲ್ಲಲ್ಲಿ ಹಳೆಯ ದೇವಾಲಯದ ಕೆತ್ತನೆಯ ಕಲ್ಲುಗಳು ಇಂದಿಗೂ ಹೊರಗಿಣುಕುತ್ತವೆ. ಕೆಲವು ಕಲ್ಲುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿ ಸುರುಳಿಯಾಗಿ ಮಡಿಯುವ ರೇಖೆಗಳಿವೆ. ಇದೇ ಹೆದ್ದಾರಿಯಲ್ಲಿ ಇನ್ನೂ ಸ್ವಲ್ಪ ದೂರ ಹೋದರೆ ಮಿತ್ಲಾ ಎಂಬಲ್ಲಿ ಇಂತಹ ರೇಖೆಗಳಿಂದಲೇ ತುಂಬಿದ ಪ್ರಾಚೀನ ಕಟ್ಟಡಗಳಿವೆ. ಕತ್ತರಿಸಿದ ಚಿಕ್ಕ ಚಿಕ್ಕ ಕಲ್ಲುಗಳನ್ನು ಗಾರೆಯಿಲ್ಲದೆ ಜೋಡಿಸಿ ಮಾಡಿದ ಅಲಂಕಾರ ಅದು. ಚರ್ಚಿನಿಂದ ಹಿಂದಿರುಗಿ ಬೀದಿಯಲ್ಲಿ ತೂಗುತ್ತಿದ್ದ ಕಂಬಳಿಗಳತ್ತ ನೋಡಿದಾಗ ಅದೇ ಮೆಟ್ಟಿಲು, ಅದೇ ಸುರುಳಿ! ಕಲ್ಲಿನ ಗುಡಿ ಬಿದ್ದುಹೋಯಿತು. ಗುಡಿಯ ಗೋಡೆಯ ರೇಖೆ ಮಾತ್ರ ಉಣ್ಣೆಯಲ್ಲಿ ಬದುಕಿಕೊಂಡಿತು.

ಎರಡನೆಯ ಪುಟ ಊರಿನ ವಸ್ತುಸಂಗ್ರಹಾಲಯ. ಅದು ಸರ್ಕಾರ ಕಟ್ಟಿ ನಡೆಸುವ ಸಂಸ್ಥೆಯಲ್ಲ, ಊರಿನವರದೇ. ಊರ ಸಭೆಯಲ್ಲಿ ಆರಿಸಿದ ಜನರು ಸರದಿಯ ಮೇಲೆ ಸಂಬಳವಿಲ್ಲದೆ ಅದನ್ನು ನೋಡಿಕೊಳ್ಳುತ್ತಾರೆ. ರಸ್ತೆ, ನೀರು, ಹಬ್ಬಗಳ ಕೆಲಸವೂ ಹೀಗೆಯೇ ನಡೆಯುತ್ತದೆ. ಊರಿಗಾಗಿ ಎಲ್ಲರೂ ಕೂಡಿ ಮಾಡುವ ದುಡಿಮೆಗೆ ಅವರು ‘ತೆಕಿಯೊ’ ಎನ್ನುತ್ತಾರೆ. ಅಲ್ಲಿ ನೇಯ್ಗೆಯ ಚರಿತ್ರೆಯನ್ನು ತಿಳಿದೆವು. ಸ್ಪೇನಿನವರು ಬರುವ ಮುನ್ನ ಇಲ್ಲಿ ಕುರಿಗಳಿರಲಿಲ್ಲ. ಹತ್ತಿಯನ್ನೂ ಕತ್ತಾಳೆಯ ಜಾತಿಯ ಗಿಡದ ನಾರನ್ನೂ ಬಳಸಿ, ಒಂದು ತುದಿಯನ್ನು ಮರಕ್ಕೂ ಇನ್ನೊಂದು ತುದಿಯನ್ನು ತಮ್ಮ ಸೊಂಟಕ್ಕೂ ಬಿಗಿದುಕೊಳ್ಳುವ ಚಿಕ್ಕ ಮಗ್ಗದಲ್ಲಿ ಹೆಂಗಸರು ಬಟ್ಟೆ ನೇಯುತ್ತಿದ್ದರು. ಈ ಕಣಿವೆಯ ಊರುಗಳು ಆಜ್ಟೆಕ್ ಅರಸರಿಗೆ ಬಟ್ಟೆಯನ್ನೂ ಚೀಲಗಟ್ಟಲೆ ಕೆಂಪು ಬಣ್ಣವನ್ನೂ ಕಪ್ಪವಾಗಿ ಒಪ್ಪಿಸುತ್ತಿದ್ದುದು 16ನೆಯ ಶತಮಾನದ ಚಿತ್ರಲಿಖಿತ ಗ್ರಂಥವೊಂದರಲ್ಲಿ ದಾಖಲಾಗಿದೆ. ಕುರಿಯೂ, ಕಾಲಿನಿಂದ ಮಣೆ ತುಳಿದು ನಡೆಸುವ ದೊಡ್ಡ ಮಗ್ಗವೂ ಸ್ಪೇನಿನವರೊಡನೆ ಬಂದವು. ಸೋತ ಜನ ಗೆದ್ದವರ ಮಗ್ಗವನ್ನು ತಮ್ಮದಾಗಿಸಿಕೊಂಡು, ಅದರ ಮೇಲೆ ತಮ್ಮ ಗುಡಿಯ ರೇಖೆಗಳನ್ನೂ ತಮ್ಮ ಬಣ್ಣಗಳನ್ನೂ ನೇಯ್ದರು.

ಮೂರನೆಯ ಪುಟವನ್ನು ಓದಲು ನಾವು ಒಂದು ನೇಕಾರರ ಮನೆಗೆ ಹೋದೆವು. ಮನೆಯ ಹಿರಿಯರಿಗೆ ಎಪ್ಪತ್ತೈದರ ಮೇಲೆ ವಯಸ್ಸು. ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು ಎಂದು ಮಗಳು ಪರಿಚಯ ಮಾಡಿಕೊಟ್ಟ ಕೂಡಲೆ ಅವರು ಎದ್ದು ನಿಂತು ನನ್ನನ್ನು ‘ಮಯೆಸ್ತ್ರಾ’ ಎಂದು ಕರೆದು ಕುಳ್ಳಿರಿಸಿದರು. ಸ್ಪ್ಯಾನಿಷಿನಲ್ಲಿ ಅದು ಉಪಾಧ್ಯಾಯಿನಿಯನ್ನು ಗೌರವದಿಂದ ಕರೆಯುವ ಮಾತು. ಅದೇ ಮಾತಿನ ಪುಲ್ಲಿಂಗ ರೂಪವಾದ ‘ಮಯೆಸ್ತ್ರೊ’ ಎಂಬುದರಿಂದ ಊರಿನವರು ಅವರನ್ನು ಕರೆಯುತ್ತಿದ್ದರು. ಅವರು ಶಾಲೆಯ ಉಪಾಧ್ಯಾಯರಲ್ಲ, ನುರಿತ ನೇಕಾರರು. ಪಾಠ ಹೇಳುವವರಿಗೂ ಕಸಬಿನಲ್ಲಿ ಪಳಗಿದವರಿಗೂ ಆ ಭಾಷೆ ಒಂದೇ ಹೆಸರನ್ನು ಇಟ್ಟಿದೆ. ಇದು ನನಗೆ ಬಹಳ ಹಿಡಿಸಿತು.

ಮನೆಯ ಹಿತ್ತಲಿನಲ್ಲಿ ಸಾಲಾಗಿ ಬೆಳೆಸಿದ್ದ ಗಿಡವನ್ನು ಕಂಡು ನನಗೆ ನಗು ಬಂದಿತು. ಅದು ನಮ್ಮ ಪಾಪಾಸುಕಳ್ಳಿಯ ಹತ್ತಿರದ ನೆಂಟ! ಅಂಗೈಯಂತೆ ಚಪ್ಪಟೆಯಾದ ಹಸಿರು ಹಲಗೆಗಳು, ಮೇಲೆ ಮುಳ್ಳು. ಹೊಲದ ಬೇಲಿಗೆಂದು ಬೆಳೆದು, ಬರಿಗಾಲಿನ ಹುಡುಗರನ್ನು ಅಳಿಸುತ್ತಿದ್ದ ಈ ಕಳ್ಳಿಯನ್ನು ಅಲ್ಲಿ ಮಕ್ಕಳಂತೆ ಸಾಕಿದ್ದರು. ಹಲಗೆಗಳ ಮೇಲೆ ಅಲ್ಲಲ್ಲಿ ಬಿಳಿಯ ಹಿಟ್ಟು ಚೆಲ್ಲಿದಂತೆ ಕಾಣುತ್ತಿತ್ತು. ಅದು ಹಿಟ್ಟಲ್ಲ, ಮೇಣದ ಪುಡಿಯನ್ನು ಹೊದ್ದು ಕುಳಿತ ಹುಳುಗಳು. ಇದೇ ಕೊಚಿನೀಲ್ ಕೀಟ. ಹೆಣ್ಣು ಹುಳುವಿಗೆ ರೆಕ್ಕೆಯಿಲ್ಲ. ಅದು ಕಳ್ಳಿಯೊಳಕ್ಕೆ ತನ್ನ ಸೂಜಿಯಂತಹ ಬಾಯನ್ನು ಊರಿ, ರಸ ಹೀರುತ್ತ, ಜೀವಮಾನವನ್ನೆಲ್ಲ ಒಂದೇ ಕಡೆ ಕಳೆಯುತ್ತದೆ. ಇರುವೆ ಮೊದಲಾದ ಶತ್ರುಗಳಿಂದ ರಕ್ಷಿಸಿಕೊಳ್ಳಲು ಮೈಯಲ್ಲಿ ಒಂದು ಆಮ್ಲವನ್ನು ತುಂಬಿಕೊಳ್ಳುತ್ತದೆ. ಕಾರ್ಮಿನಿಕ್ ಆಮ್ಲ ಎಂದು ಅದರ ಹೆಸರು. ಹುಳುವಿಗೆ ಅದು ಕವಚ, ಮನುಷ್ಯನಿಗೆ ಬಣ್ಣ. ಸುಮಾರು ಮೂರು ತಿಂಗಳು ಬೆಳೆಸಿದ ಹುಳುಗಳನ್ನು ಕುಂಚದಿಂದ ಮೆಲ್ಲನೆ ಕೆರೆದು ತೆಗೆದು ಒಣಗಿಸುತ್ತಾರೆ. ಒಂದು ಕಿಲೋಗ್ರಾಂ ಒಣಬಣ್ಣಕ್ಕೆ ಸುಮಾರು ಒಂದೂವರೆ ಲಕ್ಷ ಹುಳುಗಳು ಬೇಕು.

ಕನ್ನಡದಲ್ಲಿ ಕಡುಗೆಂಪಿಗೆ ‘ಕಿರಮಂಜಿ’ ಎಂಬ ಹಳೆಯ ಮಾತಿದೆ. ಇದು ಪಾರಸಿಯ ‘ಕಿರ್ಮಿಜಿ’ ಎಂಬ ಮಾತಿನಿಂದ ಬಂದದ್ದು. ಪಾರಸಿಯಲ್ಲಿ ‘ಕಿರ್ಮ್’ ಎಂದರೆ ಹುಳು. ಸಂಸ್ಕೃತದ ‘ಕೃಮಿ’ ಅದರ ಸೋದರಿ. ಇಂಗ್ಲಿಷಿನ ‘ಕ್ರಿಮ್ಸನ್’ ಎಂಬ ಮಾತೂ ಅದೇ ಬಳ್ಳಿಯದು. ಹೀಗೆ ಹುಳುವಿನಿಂದ ಕೆಂಪು ಬರುತ್ತದೆ ಎಂಬುದನ್ನು ಹಳೆಯ ಲೋಕದ ಜನರೂ ಅರಿತಿದ್ದರು. ನಮ್ಮ ದೇಶದ ಅರಗಿನ ಹುಳುವೂ ಕೆಂಪನ್ನು ಕೊಡುತ್ತದೆ. ಚನ್ನಪಟ್ಟಣದ ಬೊಂಬೆಗಳ ಹೊಳಪಿಗೆ ಆಧಾರವೂ ಆ ಅರಗೇ. ಆದರೆ ಮೆಕ್ಸಿಕೋದ ಹುಳುವಿನಷ್ಟು ಸಮೃದ್ಧವಾಗಿ ಕೆಂಪನ್ನು ಕೊಡುವ ಇನ್ನೊಂದು ಕೀಟವನ್ನು ಹಳೆಯ ಲೋಕ ಕಂಡಿರಲಿಲ್ಲ.

ಹಿರಿಯರು ಮೆಣಸಿನ ಕಾಳಿಗಿಂತಲೂ ಚಿಕ್ಕದಾದ, ಬೂದುಬಣ್ಣದ ಒಣಹುಳುವೊಂದನ್ನು ನನ್ನ ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಉಜ್ಜಿದರು. ಬೂದು ಮಾಯವಾಗಿ ಅಂಗೈಯಲ್ಲಿ ಕಡುಗೆಂಪು ಹರಡಿತು. ಅದರ ಮೇಲೆ ಒಂದು ಹನಿ ನಿಂಬೆರಸ ಹಿಂಡಿದರು. ಕೆಂಪು ಕಿತ್ತಳೆಯತ್ತ ತಿರುಗಿ ಬೆಳಗಿತು. ಬಳಿಕ ಚಿಟಿಕೆ ಸೋಡಾಪುಡಿ ಹಾಕಿದರು. ಕಿತ್ತಳೆ ಅಳಿದು ನೇರಳೆ ಬಂದಿತು. ನಮ್ಮ ಮನೆಗಳಲ್ಲಿ ಅರಿಸಿನದ ನೀರಿಗೆ ಸುಣ್ಣ ಕಲಸಿ ಆರತಿಯ ಕೆಂಪು ನೀರನ್ನು ಮಾಡುವುದಿಲ್ಲವೆ? ಆಮ್ಲ, ಕ್ಷಾರಗಳ ಅದೇ ಆಟ ಇಲ್ಲಿಯೂ ನಡೆಯುತ್ತದೆ. ಆದರೆ ಅಂಗೈಯ ಬಣ್ಣ ಬೇರೆ, ಉಣ್ಣೆಯ ಬಣ್ಣ ಬೇರೆ. ಉಣ್ಣೆಯನ್ನು ಚೆನ್ನಾಗಿ ತೊಳೆದು, ಬಣ್ಣ ಕಚ್ಚುವಂತೆ ಪಟಿಕದ ನೀರಿನಲ್ಲಿ ಕಾಯಿಸಬೇಕು. ಹುಳುಗಳನ್ನು ಅರೆಯುವ ಕಲ್ಲಿನ ಮೇಲೆ ನುಣ್ಣಗೆ ಪುಡಿ ಮಾಡಬೇಕು. ಉರಿ ಎಷ್ಟು, ಹೊತ್ತು ಎಷ್ಟು, ನಿಂಬೆ ಎಷ್ಟು ಎಂಬುದೆಲ್ಲ ಕಣ್ಣಿನ ಲೆಕ್ಕ. ನೀಲಿಗೆ ನೀಲಿಯ ಗಿಡ, ಹಳದಿಗೆ ನಮ್ಮ ಚೆಂಡುಹೂವಿನ ಬಳಗಕ್ಕೆ ಸೇರಿದ ಒಂದು ಹೂಗಿಡ, ಕಂದಿಗೆ ಅಕ್ರೋಟಿನ ಜಾತಿಯ ಮರದ ಕಾಯಿಸಿಪ್ಪೆ. ಹೀಗೆ ಬಣ್ಣ ಬಣ್ಣಕ್ಕೂ ಬೇರೆ ಬೇರೆ ಪಾಠ.

ಈ ಚಿಕ್ಕ ಹುಳುವಿನ ಹಿಂದೆ ಒಂದು ದೊಡ್ಡ ಚರಿತ್ರೆಯಿದೆ. ಸ್ಪೇನ್ ಸಾಮ್ರಾಜ್ಯವು ಮೆಕ್ಸಿಕೋದಿಂದ ಸಾಗಿಸಿದ ಸಂಪತ್ತಿನಲ್ಲಿ ಬೆಳ್ಳಿಯ ಅನಂತರದ ಸ್ಥಾನ ಈ ಕೆಂಪಿನದು. ಯುರೋಪಿನ ಅರಸರ ನಿಲುವಂಗಿಗಳೂ, ಇಂಗ್ಲೆಂಡಿನ ಸೇನಾಧಿಕಾರಿಗಳ ಕೆಂಪು ಅಂಗಿಗಳೂ ಈ ಹುಳುವಿನಿಂದ ಬಣ್ಣಗೊಂಡವು. ಸ್ಪೇನಿನವರು ಇದರ ಗುಟ್ಟನ್ನು ಬಿಟ್ಟುಕೊಡಲಿಲ್ಲ. ಒಣಗಿದ ಹುಳು ನೋಡಲು ಕಾಳಿನಂತಿದ್ದುದರಿಂದ ಅದು ಬೀಜವೋ ಕೀಟವೋ ಎಂದು ಯುರೋಪಿನ ಪಂಡಿತರು ಬಹುಕಾಲ ವಾದಿಸಿದರು. ಸೂಕ್ಷ್ಮದರ್ಶಕ ಬಂದ ಮೇಲೆ ವಾದ ತೀರಿತು. 1777ರಲ್ಲಿ ತಿಯೆರಿ ದ ಮೆನೊವಿಲ್ ಎಂಬ ಫ್ರೆಂಚ್ ಸಸ್ಯವಿಜ್ಞಾನಿ ವಹಾಕದವರೆಗೂ ಬಂದು, ಹುಳು ಕೂತ ಕಳ್ಳಿಯನ್ನು ಗುಟ್ಟಾಗಿ ಹಡಗಿನಲ್ಲಿ ಸಾಗಿಸಿ, ಇಂದು ಹೈಟಿ ಎನಿಸಿಕೊಂಡಿರುವ ಫ್ರೆಂಚ್ ವಸಾಹತಿಗೆ ಒಯ್ದನು. 1780ರಲ್ಲಿ ಅವನು ತೀರಿಕೊಂಡ ಮೇಲೆ ಅವನ ತೋಟದ ಬೇಸಾಯವೂ ಕೆಟ್ಟಿತು.

ಈ ಆಸೆ ನಮ್ಮ ದೇಶವನ್ನೂ ಮುಟ್ಟಿತು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಜೇಮ್ಸ್ ಆಂಡರ್ಸನ್ 18ನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಬಳಿ ಕಳ್ಳಿಯ ತೋಟವನ್ನೇ ಮಾಡಿದನು. 1795ರಲ್ಲಿ ನೀಲ್ಸನ್ ಎಂಬ ಕ್ಯಾಪ್ಟನ್ ಬ್ರೆಜಿಲ್ ದೇಶದಿಂದ ಹುಳುಗಳನ್ನು ತಂದನು. ಅವು ಮೆಕ್ಸಿಕೋದ ಸಾಕುಹುಳುಗಳಲ್ಲ, ಕಾಡುಜಾತಿಯವು. ಬಣ್ಣ ಕಡಿಮೆ, ಹೊಟ್ಟೆಬಾಕತನ ಹೆಚ್ಚು. ಕೆಂಪು ಬರಲಿಲ್ಲ, ಕಳ್ಳಿ ಮಾತ್ರ ಸಾಯತೊಡಗಿತು. ಮುಂದೆ ಈ ಹುಳುವನ್ನು ಬೇಡವಾದ ಕಳ್ಳಿಯನ್ನು ನಿರ್ಮೂಲ ಮಾಡುವುದಕ್ಕೇ ಬಳಸಿದರು. 1926ರಲ್ಲಿ ಅದೇ ಬಳಗದ ಇನ್ನೊಂದು ಹುಳುವನ್ನು ಸಿಂಹಳದಿಂದ ತರಿಸಿ ಬಿಟ್ಟಾಗ ದಕ್ಷಿಣ ಭಾರತದ ಎಷ್ಟೋ ಪಾಪಾಸುಕಳ್ಳಿಯ ಮೆಳೆಗಳು ಕೆಲವೇ ವರ್ಷಗಳಲ್ಲಿ ನೆಲಸಮವಾದವು. ನಿಮ್ಮ ಊರಿನ ಬೇಲಿಯಲ್ಲಿ ಇಂದು ಆ ಕಳ್ಳಿ ವಿರಳವಾಗಿದ್ದರೆ ಅದಕ್ಕೆ ಇದೂ ಒಂದು ಕಾರಣ. ಮೆಕ್ಸಿಕೋದಲ್ಲಿ ಹುಳು ಎಂದರೆ ಬಣ್ಣ. ನಮ್ಮಲ್ಲಿ ಅದು ಬರಿಯ ಹುಳುವಾಯಿತು. ಹಡಗಿನಲ್ಲಿ ಕಳ್ಳಿ ಬಂದಿತು, ಹುಳು ಬಂದಿತು. ಯಾವ ಹುಳು, ಯಾವ ಕಳ್ಳಿ, ಹೇಗೆ ಸಾಕಬೇಕು ಎಂಬ ತಿಳಿವಳಿಕೆ ಬರಲಿಲ್ಲ.

“ಅಷ್ಟು ದೂರದ ಮಾತೇಕೆ ಮಯೆಸ್ತ್ರಾ? ನಮ್ಮ ಊರಿನಲ್ಲಿಯೇ ಅದು ಹೋಗಿಬಿಟ್ಟಿತ್ತು” ಎಂದರು ಹಿರಿಯರು. 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಎಂಬ ತರುಣ ಪ್ರಯೋಗಶಾಲೆಯಲ್ಲಿ ಕೃತಕ ನೇರಳೆ ಬಣ್ಣವನ್ನು ಕಂಡುಹಿಡಿದನು. ಅನಂತರ ಒಂದೊಂದಾಗಿ ಎಲ್ಲ ಬಣ್ಣಗಳೂ ಕಾರ್ಖಾನೆಯಿಂದ ಬಂದವು. ಕ್ಯಾನರಿ ದ್ವೀಪಗಳು, ಗ್ವಾಟೆಮಾಲ ಮುಂತಾದೆಡೆ ಹುಳುವಿನ ಬೇಸಾಯ ಬೆಳೆದು ಮೊದಲೇ ಇಳಿದಿದ್ದ ಬೆಲೆ ಈಗ ಕುಸಿದುಬಿದ್ದಿತು. ಹಿರಿಯರ ಬಾಲ್ಯದಲ್ಲಿ ಅವರ ಮನೆಯಲ್ಲಿ ಬಳಸುತ್ತಿದ್ದುದು ಪೊಟ್ಟಣದಲ್ಲಿ ಬರುವ ಕೃತಕ ಬಣ್ಣ. ಹಿತ್ತಲಲ್ಲಿ ಕಳ್ಳಿಯಿತ್ತು, ಮನೆಯಲ್ಲಿ ಮಗ್ಗವಿತ್ತು. ಹುಳುವಿನಿಂದ ಕೆಂಪು ತೆಗೆಯುವುದನ್ನು ಬಲ್ಲವರು ಮನೆಯಲ್ಲಿ ಯಾರೂ ಇರಲಿಲ್ಲ. 1970ರ ದಶಕದಲ್ಲಿ ಊರಿನ ಕೆಲವರು ಹಳೆಯ ಬಣ್ಣಗಳತ್ತ ಮರಳಿದಾಗ ಇವರೂ ಒಬ್ಬ ಮುದುಕಿಯ ಬಳಿ ಹೋಗಿ ಕಲಿತರು. ಅವಳಿಗೆ ಅರ್ಧ ನೆನಪಿತ್ತು, ಅರ್ಧ ಮರೆತಿತ್ತು. ಮರೆತ ಅರ್ಧವನ್ನು ಮತ್ತೆ ಪಡೆಯಲು ಇವರಿಗೆ ಆರು ವರ್ಷ ಹಿಡಿಯಿತಂತೆ. “ಅವಳು ಇನ್ನೆರಡು ವರ್ಷ ಮೊದಲೇ ಹೋಗಿಬಿಟ್ಟಿದ್ದರೆ ನನಗೆ ಆ ಅರ್ಧವೂ ಸಿಗುತ್ತಿರಲಿಲ್ಲ” ಎಂದು ಅವರು ಒಲೆಯ ಉರಿಯನ್ನು ತಗ್ಗಿಸಿದರು.

ಪಕ್ಕದ ಪಡಸಾಲೆಯಲ್ಲಿ ಸೊಸೆ ಮಗ್ಗದ ಮುಂದೆ ನಿಂತು ನೇಯುತ್ತಿದ್ದಳು. ಈ ದೊಡ್ಡ ಮಗ್ಗ ಬಹುಕಾಲ ಗಂಡಸರದಾಗಿತ್ತು. 1942ರಿಂದ 1964ರವರೆಗೆ ಅಮೆರಿಕ ಸಂಯುಕ್ತ ಸಂಸ್ಥಾನವು ಒಪ್ಪಂದದ ಮೇಲೆ ಮೆಕ್ಸಿಕೋದ ಕೂಲಿಗಾರರನ್ನು ಹೊಲಗಳಿಗೆ ಕರೆಸಿಕೊಂಡಾಗ ಈ ಊರಿನ ಗಂಡಸರೂ ಉತ್ತರಕ್ಕೆ ಹೋದರು. ಆ ಹಾದಿ ಅಂದಿನಿಂದ ಮುಚ್ಚಲೇ ಇಲ್ಲ. ಕಾಲಕ್ರಮದಲ್ಲಿ ಹೆಂಗಸರೂ ಮಗ್ಗಕ್ಕೆ ಬಂದರು. 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ತಮ್ಮದೇ ಸಂಘಗಳನ್ನು ಕಟ್ಟಿಕೊಂಡು ಮಾರುವುದನ್ನೂ ಕಲಿತರು. ಆಕೆಯ ಮುಂದೆ ನಕ್ಷೆಯ ಕಾಗದವಿರಲಿಲ್ಲ. ಹಾಸಿನ ಎಳೆಗಳನ್ನು ಬೆರಳಿನಿಂದ ಎಣಿಸಿ, ಬಣ್ಣ ಬದಲಾಗುವ ಕಡೆ ಹೊಕ್ಕಿನ ನೂಲನ್ನು ಕೈಯಿಂದಲೇ ತಿರುಗಿಸಿ, ಹಣಿಗೆಯನ್ನು ಬಡಿಯುತ್ತಿದ್ದಳು. ಎರಡು ಗಜ ಉದ್ದದ ಕಂಬಳಿಗೆ ಉಣ್ಣೆ ತೊಳೆಯುವುದು, ನೂಲುವುದು, ಬಣ್ಣ ಕಟ್ಟುವುದು, ನೇಯುವುದು ಎಲ್ಲ ಸೇರಿ ಎರಡು ತಿಂಗಳ ಮೇಲೆ ಹಿಡಿಯುತ್ತದೆಯೆಂದಳು.

ನಾವು ಅಲ್ಲಿರುವಾಗಲೇ ಒಬ್ಬ ಪ್ರವಾಸಿ ಬಂದು, ಮುಗಿದಿದ್ದ ಒಂದು ಕೆಂಪು ಕಂಬಳಿಯನ್ನು ಎತ್ತಿ ನೋಡಿ, ಹೇಳಿದ ಬೆಲೆಯ ಅರ್ಧಕ್ಕೆ ಕೇಳಿದನು. ನಗರದಲ್ಲಿ ಇಂತಹುದೇ ಇದರ ಕಾಲುಭಾಗಕ್ಕೆ ಸಿಗುತ್ತದೆಂದನು. ಹಿರಿಯರು ಸಿಟ್ಟಾಗಲಿಲ್ಲ. “ಸಿಗುತ್ತದೆ. ಅದು ಬೇರೆಯ ಕೆಂಪು” ಎಂದು ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಜಾಗದಲ್ಲಿ ಇಟ್ಟರು. ಅವನು ಹೊರಟುಹೋದನು. ಆ ತಿಂಗಳು ಅವರ ಮನೆಯಿಂದ ಮಾರಾಟವಾಗಿದ್ದುದು ಒಂದೇ ಕಂಬಳಿಯೆಂದು ಅನಂತರ ಸೊಸೆಯ ಮಾತಿನಿಂದ ತಿಳಿಯಿತು. ಮಾರದೆ ಮಡಿಸಿಡುವುದೂ ಒಂದು ಧೈರ್ಯ. ಆದರೆ ಅಂತಹ ಧೈರ್ಯದಿಂದ ಎಷ್ಟು ದಿನ ಒಲೆ ಉರಿದೀತು? ಕೃತಕ ಬಣ್ಣದ ಕಂಬಳಿಗಳನ್ನೂ ನೇಯ್ದು ಮಾರುವ ಮನೆಗಳು ಆ ಊರಿನಲ್ಲಿ ಬಹಳ ಇವೆ. ಅದು ತಪ್ಪೂ ಅಲ್ಲ, ಅವರೂ ಬದುಕಬೇಕು. ಆದರೆ ಕೊಳ್ಳುವವನಿಗೆ ಎರಡು ಕೆಂಪುಗಳ ನಡುವಣ ವ್ಯತ್ಯಾಸ ತಿಳಿಯದಿದ್ದರೆ ಹುಳುವಿನ ಕೆಂಪು ಎರಡನೆಯ ಸಲ ಸಾಯುತ್ತದೆ. ಈ ಸಲ ಅದನ್ನು ಕೊಲ್ಲುವುದು ನಮ್ಮ ಅಜ್ಞಾನ.

ಮಧ್ಯಾಹ್ನ ಅವರು ನಮ್ಮನ್ನು ಊಟಕ್ಕೆ ಏಳಿಸಿದರು. ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬಿದ ಮೆಕ್ಕೆಜೋಳದ ರೊಟ್ಟಿ, ಹುರುಳಿಕಾಯಿಯ ಕಾಳಿನ ಸಾರು, ಮೆಣಸಿನಕಾಯಿಯ ಚಟ್ನಿ. ಅಗಲವಾದ ಮಣ್ಣಿನ ಕಾವಲಿಯ ಮೇಲೆ ಉಬ್ಬುವ ರೊಟ್ಟಿಯನ್ನು ಕಂಡು ನನಗೆ ನಮ್ಮ ಜೋಳದ ರೊಟ್ಟಿಯ ನೆನಪಾಯಿತು. ಊಟವಾದ ಮೇಲೆ ಮನೆಯ ಅಜ್ಜಿ ಅಂಚು ಹರಿದ ಒಂದು ಹಳೆಯ ಪುಸ್ತಕವನ್ನು ತೋರಿಸಿದರು. ಅದರ ತುಂಬ ಹೆಸರು, ತಾರೀಖು, ಲೆಕ್ಕ. ಯಾರ ಮದುವೆಗೆ ಎಷ್ಟು ಟರ್ಕಿಕೋಳಿ, ಎಷ್ಟು ರೊಟ್ಟಿ, ಎಷ್ಟು ಕೋಕೋ ಬೀಜ ಕೊಟ್ಟೆವು. ನಮ್ಮ ಮನೆಯ ಮದುವೆಗೆ ಯಾರು ಏನು ತಂದರು. ಕೊಟ್ಟದ್ದು ಹತ್ತು ವರ್ಷವಾದರೂ ಅದೇ ಅಳತೆಯಲ್ಲಿ ಹಿಂದಿರುಗುತ್ತದೆ. ಇದಕ್ಕೆ ಅವರು ‘ಗೆಲಗೆತ್ಸ’ ಎನ್ನುತ್ತಾರೆ. ನಾನು ಮಗಳ ಮೂಲಕ ಹೇಳಿದೆ: “ನಮ್ಮಲ್ಲಿಯೂ ಇದಿದೆ, ಮುಯ್ಯಿ ಎನ್ನುತ್ತೇವೆ.” ಅಜ್ಜಿ ಆ ಮಾತನ್ನು ಎರಡು ಸಲ ಉಚ್ಚರಿಸಿ ನಕ್ಕರು. ಬೆಲೆ ಕುಸಿದಾಗಲೂ, ಗಂಡಸರು ದೂರ ಹೋದಾಗಲೂ ಈ ಊರಿನ ಮಗ್ಗಗಳು ನಿಲ್ಲದಿರಲು ಕಾರಣ ನನಗೆ ಆ ಪುಸ್ತಕದಲ್ಲಿ ಕಂಡಿತು. ಬಣ್ಣದ ಹೊಕ್ಕು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದನ್ನು ಹಿಡಿದು ನಿಲ್ಲಿಸಿದ ಹಾಸು ಕಾಣುವುದಿಲ್ಲ. ಈ ಕೊಡುಕೊಳೆಯೇ ಊರಿನ ಹಾಸು.

ಆ ಮನೆಯಲ್ಲಿ ಇನ್ನೊಂದು ಪುಸ್ತಕವೂ ಇತ್ತು. ಅದರ ಒಡತಿ ಹದಿನೈದು ವರ್ಷದ ಮೊಮ್ಮಗಳು, ನಿಮ್ಮ ವಯಸ್ಸಿನವಳು. ಶಾಲೆಯಿಂದ ಬಂದವಳೇ ತಾತನ ಪಕ್ಕದಲ್ಲಿ ಕುಳಿತಳು. ಅವಳ ಚಿಕ್ಕಪ್ಪ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಓದು ಮುಗಿದ ಮೇಲೆ ಅಲ್ಲಿಗೆ ಬಾ ಎಂದು ಕರೆಯುತ್ತಿದ್ದಾನೆ. ಅವಳಿಗೆ ರಸಾಯನಶಾಸ್ತ್ರದಲ್ಲಿ ಆಸಕ್ತಿ. ತಾತ ಬಣ್ಣ ಕಟ್ಟುವಾಗ ಅವಳು ಉಣ್ಣೆಯ ತೂಕ, ಹುಳುವಿನ ತೂಕ, ಪಟಿಕದ ತೂಕ, ನೀರಿನ ಬಿಸಿ, ಕಾದ ಹೊತ್ತು ಎಲ್ಲವನ್ನೂ ಬರೆದುಕೊಳ್ಳುತ್ತಾಳೆ. ಪ್ರತಿ ಪುಟದ ಅಂಚಿನಲ್ಲಿ ಆ ದಿನದ ಬಣ್ಣದ ಒಂದು ತುಂಡು ನೂಲನ್ನು ಅಂಟಿಸುತ್ತಾಳೆ. ತಾತನಿಗೆ ಅದರಲ್ಲಿ ಪೂರ್ತಿ ನಂಬಿಕೆಯಿಲ್ಲ.

“ಬರೆದದ್ದರಿಂದ ಬಣ್ಣ ಬರುವುದಿಲ್ಲ. ಕೈ ಅದ್ದಬೇಕು, ಕಣ್ಣು ಪಳಗಬೇಕು” ಎಂದರು ಅವರು.

“ತಾತನ ಕಣ್ಣು ತಾತನಿಗೆ ಮಾತ್ರ. ಆ ಮುದುಕಮ್ಮ ಬರೆದಿಟ್ಟಿದ್ದರೆ ನಿಮಗೆ ಆರು ವರ್ಷ ಬೇಕಾಗುತ್ತಿತ್ತೇ?” ಎಂದಳು ಅವಳು.

ಹಿರಿಯರು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಬಣ್ಣದ ಹಂಡೆಯಿಂದ ಉಣ್ಣೆಯ ಲಡಿಯನ್ನು ಕೋಲಿನಿಂದ ಎತ್ತಿ, “ಇದನ್ನು ಬರೆದುಕೊಂಡೆಯಾ?” ಎಂದು ಕೇಳಿದರು. ಅವಳು ಪುಸ್ತಕವನ್ನು ಬದಿಗ��ಟ್ಟು, ಎರಡು ಕೈಗಳನ್ನೂ ಚಾಚಿ ಬಿಸಿ ಲಡಿಯನ್ನು ಹಿಂಡಲು ಹಿಡಿದಳು. ಇಬ್ಬರ ಮಾತೂ ನಿಜ. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಪ್ಪುಹಲಗೆಯ ಮುಂದೆ ನಿಂತವಳು. ಬರೆಹವಿಲ್ಲದ ಕೈಗೆಲಸ ಒಬ್ಬರೊಡನೆ ಮುಗಿಯಬಹುದು. ಕೈಯಿಲ್ಲದ ಬರೆಹ ಪುಸ್ತಕದಲ್ಲಿಯೇ ಒಣಗಬಹುದು. ಹುಡುಗಿ ಊರಿನಲ್ಲಿ ಉಳಿಯುವಳೋ, ಉತ್ತರಕ್ಕೆ ಹೋಗುವಳೋ ಅದು ಅವಳ ಆಯ್ಕೆ. ನಾನು ಅವಳನ್ನು ಆ ಬಗ್ಗೆ ಕೇಳಲಿಲ್ಲ. ಎಲ್ಲಿಗೆ ಹೋದರೂ ಅರ್ಧ ನೆನಪಿನ ಮುದುಕಿಯಾಗಿ ಅವಳು ಉಳಿಯುವುದಿಲ್ಲ.

ನಾವು ಕೊನೆಯ ಪುಟಕ್ಕೆ, ಎಂದರೆ ಅಂಗಡಿಗೆ, ಬಂದಾಗ ಬಿಸಿಲು ಇಳಿದಿತ್ತು. ನನ್ನ ಶಕ್ತಿಗೆ ತಕ್ಕಂತೆ ಮೊಳದುದ್ದದ ಒಂದು ಚಿತ್ರವಸ್ತ್ರವನ್ನು ಹೇಳಿದ ಬೆಲೆಗೇ ಕೊಂಡೆ. ಅದರ ನಡುವೆ ಕಡುಗೆಂಪಿನ ಮೆಟ್ಟಿಲುಗಳು ಏರಿ ಸುರುಳಿಯಾಗಿವೆ. ಅದನ್ನು ನೋಡಿದವರು ‘ಎಷ್ಟು ಕೊಟ್ಟಿರಿ?’ ಎಂದು ಕೇಳುತ್ತಾರೆ. ನಾನು ಮೊದಲು ಹುಳುವಿನ ಕಥೆಯನ್ನು ಹೇಳುತ್ತೇನೆ. ಕಥೆ ಮುಗಿಯುವ ಹೊತ್ತಿಗೆ ಬೆಲೆಯ ಪ್ರಶ್ನೆಯನ್ನು ಹೆಚ್ಚಿನವರು ಮರೆತಿರುತ್ತಾರೆ.

ಮೆಕ್ಸಿಕೋ ದೂರದ ನಾಡು. ಅಲ್ಲಿಗೆ ಹೋಗುವ ಅವಕಾಶ ಎಲ್ಲರಿಗೂ ಒದಗದಿರಬಹುದು. ಆದರೆ ಇಳಕಲ್ಲು ದೂರವಿಲ್ಲ, ನವಲಗುಂದ ದೂರವಿಲ್ಲ. ನಿಮ್ಮ ಊರಿನಲ್ಲಿಯೇ ಬುಟ್ಟಿ ಹೆಣೆಯುವವರು, ಕಂಬಳಿ ನೇಯುವವರು, ಮಡಕೆ ಮಾಡುವವರು ಇರಬಹುದು. ಅವರ ಮನೆಗೆ ಹೋಗಿ. ಬೆಲೆ ಕೇಳುವ ಮೊದಲು ಕೆಲಸವನ್ನು ಕೇಳಿ: ಈ ಮಣ್ಣು ಎಲ್ಲಿಯದು, ಈ ಬಣ್ಣ ಯಾವುದರಿಂದ, ಇದನ್ನು ಯಾರಿಂದ ಕಲಿತಿರಿ, ನಿಮ್ಮಿಂದ ಯಾರು ಕಲಿಯುತ್ತಿದ್ದಾರೆ? ಕೊನೆಯ ಪ್ರಶ್ನೆಗೆ ಅವರು ಸುಮ್ಮನಾದರೆ ಬೇಗನೆ ಎದ್ದು ಬರಬೇಡಿ. ಒಂದು ಪುಸ್ತಕವನ್ನೂ ಪೆನ್ಸಿಲನ್ನೂ ತೆಗೆದು, ಅವರ ಪಕ್ಕದಲ್ಲಿ ಕುಳಿತುಕೊಳ್ಳಿ.